ಸಂಜೆ ಆರಕ್ಕೆ ಬರುತ್ತಿದ್ದವಳು

ಮೊನ್ನೆ ಸಂಜೆ ಅಂಧೇರಿ ಸ್ಟೇಷನ್ನಿನ ಸೇತುವೆ ಹತ್ತುತ್ತಿದ್ದೆ. ಕೈಯಲ್ಲಿ ಐದು ಕಿಲೋ ಅಕ್ಕಿ. ಅರ್ಧ ಹತ್ತಿದಾಗ ಕಿಬ್ಬೊಟ್ಟೆಯ ಕೆಳಗೆ ಏನೋ ಮೆಲ್ಲಗೆ ಜಾರಿ ಬಂದು ನಿಂತಂತಾಯಿತು. ನನ್ನ ಬಾಯಿ ನನ್ನನ್ನು ಕೇಳದೆಯೇ "ಬಂದ್ಳು" ಎಂದಿತು. ಪಕ್ಕದಲ್ಲಿದ್ದ ಹೆಂಗಸು ಹಿಂತಿರುಗಿ ನೋಡಿ, ಯಾರೂ ಕಾಣದೆ, ನನ್ನಿಂದ ಎರಡು ಮೆಟ್ಟಿಲು ದೂರ ಸರಿದಳು. ಅವಳದ್ದೇನೂ ತಪ್ಪಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಮಾತು ಕೇಳಿ ನಾನೂ ಹೀಗೇ ಸರಿದಿದ್ದೆ.

ಆಗ ನನಗೆ ವಿಕ್ರೋಳಿಯಲ್ಲಿ ಹೊಸ ಕೆಲಸ. ಉಳಿದುಕೊಂಡದ್ದು ಸಾಂತಾಕ್ರೂಜ್‌ನಲ್ಲಿ, ದೊಡ್ಡಮ್ಮನ ಮನೆಯಲ್ಲಿ. ದೊಡ್ಡಪ್ಪ ತೀರಿಕೊಂಡಿದ್ದರು, ಮಕ್ಕಳಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ದೊಡ್ಡಮ್ಮ ಉಡುಪಿಯಿಂದ ಮದುವೆಯಾಗಿ ಬಂದು, ದೊಡ್ಡಪ್ಪನ ಸಣ್ಣ ಹೋಟೆಲಿನಲ್ಲಿ ಮೂವತ್ತು ವರ್ಷ ಹಿಟ್ಟಿನ ಪಾತ್ರೆ ಎತ್ತಿ ಇಳಿಸಿದವರು. ಮಾತಿಗೆ ನಿಂತರೆ ಮುಗಿಯುತ್ತಿರಲಿಲ್ಲ. ಆದರೆ ಸಂಜೆ ಆರರ ಸುಮಾರಿಗೆ ಮಾತಿನ ನಡುವೆ ತಟ್ಟನೆ ನಿಲ್ಲಿಸಿ, ಹೊಟ್ಟೆಯ ಕೆಳಗೆ ಕೈ ಒತ್ತಿ, "ಬಂದ್ಳು" ಎನ್ನುತ್ತಿದ್ದರು. ನಾನು ಬಾಗಿಲು ನೋಡುತ್ತಿದ್ದೆ. ಚಿಲಕ ಹಾಕಿಯೇ ಇರುತ್ತಿತ್ತು.

ಆಮೇಲೆ ಅಡುಗೆಮನೆಯ ಮೂಲೆಯಲ್ಲಿ ಬಾಳೆಲೆಯ ತುಂಡು ಹಾಕಿ, ಹಾಲು ಕಲಸಿದ ಒಂದು ತುತ್ತು ಅನ್ನ ಬಡಿಸುತ್ತಿದ್ದರು. ಸತ್ತವರಿಗೆ ಎಲೆ ಹಾಕುವ ಕ್ರಮ ನಮ್ಮ ಕಡೆ ಹೊಸದಲ್ಲ, ಆದರೆ ಅದಕ್ಕೆ ಇಂಥ ದಿನ ಎಂದಿದೆ. ಇವರದು ದಿನಾಲೂ. ಬೆಳಿಗ್ಗೆ ಎದ್ದರೆ ಎಲೆ ಖಾಲಿ. "ಮಲಗಿದ ಮೇಲೆ ಒಳಗೆ ಹೋದ್ಳು" ಎಂದು ನೆಮ್ಮದಿಯಿಂದ ಹೇಳುತ್ತಾ ನನಗೆ ಚಹಾ ಕೊಡುತ್ತಿದ್ದರು. ಎಂ.ಕಾಂ. ಮಾಡಿದ ನಾನು ಚಹಾ ಕುಡಿಯುತ್ತಾ ಹನುಮಂತನನ್ನು ನೆನೆಯುತ್ತಿದ್ದೆ. ಆರು ಗಂಟೆಗೆ ಮನೆಯಲ್ಲಿರಬಾರದೆಂದು ಆಫೀಸಿನಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು, ಬಹಳ ಶ್ರದ್ಧೆಯವಳೆಂಬ ಹೆಸರನ್ನೂ ಗಳಿಸಿದೆ.

ಕಣ್ಣಿಗೆ ಬೀಳಬೇಕಾದದ್ದೆಲ್ಲ ಎದುರಿಗೇ ಇತ್ತು. ಗಳಿಗೆಗೊಮ್ಮೆ ಬಾತ್‌ರೂಮಿಗೆ ಹೋಗುವುದು, ಕಾಲು ಅಗಲಿಸಿ ನಡೆಯುವುದು, ಜೋರಾಗಿ ಕೆಮ್ಮಿದರೆ ಸೀರೆ ಬದಲಿಸುವುದು, ಬಸ್ಸಿನಲ್ಲಿ ಸೀಟಿದ್ದರೂ ನಿಲ್ಲುವುದು. ದೆವ್ವಕ್ಕೆ ಹೆದರುವ ಭರದಲ್ಲಿ ನಾನು ದೊಡ್ಡಮ್ಮನನ್ನು ಸರಿಯಾಗಿ ನೋಡಲೇ ಇಲ್ಲ.

ಒಂದು ಭಾನುವಾರ ಬಾತ್‌ರೂಮಿನಿಂದ ಕರೆದರು. ಬೆಳಗಿನಿಂದ ಮೂತ್ರ ಬಂದಿರಲಿಲ್ಲ. ದಿನಾ ಕೆಳಗಿಳಿದದ್ದನ್ನು ಬೆರಳಿನಿಂದ ಒಳಗೆ ತಳ್ಳಿದರೆ ಬರುತ್ತಿತ್ತಂತೆ. ಅವತ್ತು ತಳ್ಳಿದರೂ ಇಲ್ಲ. ಗೋಡೆಗೆ ಒರಗಿ, ಸೀರೆ ಎತ್ತಿ ತೋರಿಸಿದರು. ತೊಡೆಗಳ ನಡುವೆ ನಸುಗೆಂಪಿನ, ಒದ್ದೆಯಾದ, ನಿಂಬೆಹಣ್ಣಿಗಿಂತ ದೊಡ್ಡದೊಂದು ಉಂಡೆ.

"ಹೆದರ್ಬೇಡ ಮಾರಾಯ್ತಿ," ಎಂದರು. "ತಲೆ ಅದು. ಕೂದ್ಲು ಇನ್ನೂ ಬರ್ಲಿಲ್ಲ, ಅಷ್ಟೇ."



"ನಂದು ಒಂದೇ ಹೆರಿಗೆ. ಎರಡು ದಿನ ತಲೆ ಸಿಕ್ಕಿಕೊಂಡಿತ್ತು. ಹೆಣ್ಣು ಅಂದ್ರು, ಜೀವ ಇಲ್ಲ ಅಂದ್ರು, ಬಟ್ಟೆ ಸುತ್ತಿ ತಕೊಂಡು ಹೋದ್ರು. ನಂಗೆ ಮುಖ ತೋರಿಸ್ಲಿಲ್ಲ. ಈಗ ಅವಳೇ ಬರ್ತಾ ಇದ್ದಾಳೆ. ಡಾಕ್ಟ್ರು ಗೀಕ್ಟ್ರು ಅಂತ ವಾಪಸ್ ಕಳಿಸ್ಬೇಡ. ಒಂದ್ಸಲ ಮುಖ ನೋಡ್ತೇನೆ."

"ನೋಡ್ಲಿಕ್ಕೆ ನೀವು ಬದುಕಿರ್ಬೇಕಲ್ಲ ದೊಡ್ಡಮ್ಮ?" ಎಂದೆ. ಹೊಟ್ಟೆ ಬಿರಿಯುವ ನೋವಿಗೆ ಕೊನೆಗೂ ರಿಕ್ಷಾ ಹತ್ತಿದರು.

ಭಾನುವಾರವೂ ತೆರೆದಿದ್ದ ಒಂದು ನರ್ಸಿಂಗ್ ಹೋಮಿನಲ್ಲಿ ಲೇಡಿ ಡಾಕ್ಟರ್ ಮೊದಲು ನಳಿಗೆ ಹಾಕಿ ಮೂತ್ರ ತೆಗೆದರು. "ಮಾವಶಿ, ಯೇ ಆಪ್ಕಾ ಗರ್ಭಾಶಯ್ ಹೈ," ಎಂದರು. ಗರ್ಭಕೋಶವನ್ನು ಹಿಡಿದಿಡುವ ಸ್ನಾಯುಗಳು ಕಷ್ಟದ ಹೆರಿಗೆಯಿಂದ, ಭಾರ ಎತ್ತಿದ್ದರಿಂದ, ವಯಸ್ಸಿನಿಂದ ಸಡಿಲವಾಗಿವೆ. ದಿನವಿಡೀ ನಿಂತರೆ ಸಂಜೆಗೆ ಇಳಿಯುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಎಷ್ಟೋ ಹೆಂಗಸರಿಗೆ ಹೀಗಾಗುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಒಳಗೆ ಒಂದು ರಿಂಗ್ ಇಟ್ಟರೆ ಎತ್ತಿ ಹಿಡಿಯುತ್ತದೆ, ಕೆಲವು ತಿಂಗಳಿಗೊಮ್ಮೆ ತೋರಿಸಿ ತೊಳೆಸಬೇಕು. ಬೇಕಾದರೆ ಆಪರೇಷನ್ನೂ ಉಂಟು. ಎಲ್ಲ ಕೇಳಿ ದೊಡ್ಡಮ್ಮ ಕಾಲು ಜೋಡಿಸಿಕೊಂಡುಬಿಟ್ಟರು.

"ರಿಂಗ್ ಹಾಕಿದ್ರೆ ಅವಳು ಒಳಗೇ ಉಳೀತಾಳೆ."

ನಾಚುತ್ತಲೇ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಡ್ರಾಯರಿನಿಂದ ಒಂದು ಸಣ್ಣ ಕನ್ನಡಿ ತೆಗೆದು ದೊಡ್ಡಮ್ಮನ ಕೈಗೆ ಕೊಟ್ಟು, ದೀಪವನ್ನು ಅತ್ತ ತಿರುಗಿಸಿದರು. ದೊಡ್ಡಮ್ಮ ನೋಡಿದರು. ತುಂಬ ಹೊತ್ತು ನೋಡಿದರು.

"ಇದಕ್ಕೆ ಕಣ್ಣಿಲ್ಲ," ಎಂದರು ಕೊನೆಗೆ. "ಹಾಕ್ಲಿಕ್ಕೆ ಹೇಳು."

ವಾಪಸ್ ಬರುವಾಗ ರಿಕ್ಷಾದಲ್ಲಿ ಆರಾಮವಾಗಿ ಕೂತಿದ್ದರು. "ನಲ್ವತ್ತು ವರ್ಷ ಹೆರ್ತಾನೇ ಇದ್ದೆ ನೋಡು. ಇವತ್ತು ಮುಗೀತು," ಎಂದು ಅತ್ತರು. ನನಗೂ ಅಳು ಬಂತು. ಸಂಜೆ ಆರಾಯಿತು, ಯಾರೂ ಬರಲಿಲ್ಲ. ಎಲೆಯನ್ನೂ ಹಾಕಲಿಲ್ಲ. ದೊಡ್ಡಮ್ಮ ಖಾಲಿ ಮೂಲೆ ನೋಡುತ್ತಾ ಕೇಳಿದರು: "ಹಾಗಾದ್ರೆ ಇಷ್ಟು ದಿನ ಉಂಡದ್ದು ಯಾರು?"

ಇಲಿ ಇರಬೇಕು ಎಂದೆ. ಹೇಳಿದ ಮೇಲೆ ನೆನಪಾಯಿತು, ಒಂದು ದಿನವೂ ಒಂದು ಅಗುಳು ಕೂಡ ಎಲೆಯಿಂದ ಹೊರಗೆ ಬಿದ್ದಿರಲಿಲ್ಲ.

ದೊಡ್ಡಮ್ಮ ಈಗಿಲ್ಲ. ಇಷ್ಟೆಲ್ಲ ಕಂಡವಳು ನಾನು. ಆದರೆ ಮೊನ್ನೆ ಸೇತುವೆಯಲ್ಲಿ ಆದದ್ದು ಮೊದಲ ಸಲವಲ್ಲ ಎಂದು ನಿಮ್ಮಲ್ಲಾದರೂ ಒಪ್ಪಿಕೊಳ್ಳಬೇಕು. ಆರು ತಿಂಗಳಿಂದ ಮುಚ್ಚಿಟ್ಟಿದ್ದೆ. ನನ್ನನ್ನು ತಡೆಯಲು ಸತ್ತ ಮಗುವೂ ಇರಲಿಲ್ಲ, ಬರೀ ನಾಚಿಕೆ. ಅವತ್ತು ಮನೆಗೆ ಬಂದವಳೇ ಮಗಳನ್ನು ಕೂರಿಸಿಕೊಂಡು ನನ್ನದನ್ನೂ ದೊಡ್ಡಮ್ಮನದನ್ನೂ ಹೇಳಿದೆ. ಅವಳು ಫೋನ್ ತೆಗೆದು ಡಾಕ್ಟರ ಅಪಾಯಿಂಟ್‌ಮೆಂಟ್ ಮಾಡಿದಳು. ಆಮೇಲೆ ತನ್ನ ತಡವರಿಸುವ ಕನ್ನಡದಲ್ಲಿ ಕೇಳಿದಳು:

"ಅಮ್ಮಾ, ಆ ಬೇಬಿಗೆ ಅವ್ರು ನೇಮ್ ಏನ್ ಇಟ್ಟಿದ್ರು?"

ಎರಡು ವರ್ಷ ಆ ಮನೆಯಲ್ಲಿ ಉಂಡು ಮಲಗಿದ್ದೆ. ನಾನು ಕೇಳಿರಲೇ ಇಲ್ಲ.