ಕಾಂತಣ್ಣ ಕೂರಿಸಿದ ರಿವರ್ಸ್

ಮುಂಬಯಿಯ ಕುರ್ಲಾದ ವೈರ್‌ಮನ್ ಕಾಂತಪ್ಪನವರಷ್ಟು ಪುಕ್ಕಲು ಮನುಷ್ಯರನ್ನು ನಾನು ಕಂಡಿಲ್ಲ. ಹೆಡ್‌ಲೈಟಿನ ಬಲ್ಬು ಹಾಕಿಸಿಕೊಂಡು ಹೋದ ಗಿರಾಕಿಗೂ ಸಂಜೆ ಫೋನ್ ಮಾಡಿ, "ಉರೀತಾ ಉಂಟಲ್ಲ?" ಎಂದು ಕೇಳುವವರು. ಕಾರ್ಕಳದ ಕಡೆಯವರು, ಗಾಡಿಗಳ ವೈರಿಂಗ್ ಮಾಡುತ್ತಲೇ ತಲೆ ನರೆತಿದೆ. ಅಂಥವರ ಕೈಗೇ ನನ್ನ ಸ್ಕೂಟರ್ ಕೊಟ್ಟೆ.

ನನ್ನ ಎಡಗಾಲಿಗೆ ಪೋಲಿಯೊ. ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಕ್ಯಾಶಿಗೆ ಕೂರುತ್ತೇನೆ. ಹಿಂದೆ ಎರಡು ಚಕ್ರ ಹೆಚ್ಚಿಗೆ ಹಾಕಿಸಿದ ಸ್ಕೂಟರಿನಲ್ಲಿ ಓಡಾಟ. ಮುಂದೆ ಹೋಗಲು ಯಾರ ಹಂಗೂ ಇಲ್ಲ. ಹಿಂದೆ ಬರಬೇಕೆಂದರೆ ಮಾತ್ರ, ಕಾಲೂರಿ ತಳ್ಳಲಾಗದೆ, "ಭಯ್ಯಾ, ಜರಾ ಪೀಛೆ ಖೀಂಚೋ" ಎಂದು, ಸ್ವಲ್ಪ ಹಿಂದಕ್ಕೆ ಎಳೆಯಲು ದಾರಿಹೋಕರನ್ನು ಬೇಡಬೇಕು. ಎಳೆದವರು ಸುಮ್ಮನೆ ಹೋಗುವುದಿಲ್ಲ, ಒಂಟಿ ಹೆಂಗಸೆಂದು ಮದುವೆಯಾಗಿದೆಯಾ ಎಂದು ಕೇಳಿಯೇ ಹೋಗುತ್ತಾರೆ. ನನಗೆ ಸಾಕಾಗಿ ಹೋಗಿತ್ತು.

ಗಾಡಿಯನ್ನು ಹಿಂದಕ್ಕೆ ಎಳೆಯುವ ಸಣ್ಣ ಬ್ಯಾಟರಿ ಮೋಟಾರು ಕೂರಿಸಿ ಎಂದಾಗ ಕಾಂತಣ್ಣ ತಲೆ ಮೇಲೆ ಕೈ ಹೊತ್ತು ಕೂತರು. ಎಂಜಿನ್ ಮುಂದಕ್ಕೆ, ಮೋಟಾರು ಹಿಂದಕ್ಕೆ ಒಟ್ಟಿಗೇ ಎಳೆದರೆ ನಾನು ಗಾಡಿಸಮೇತ ಮಗುಚುತ್ತೇನೆಂಬುದು ಅವರ ಭಯ. ಅದಕ್ಕೇ ಒಂದು ರಿಲೇ ಹಾಕಿದರು: ಎಂಜಿನ್ ಶುರುವಾಯಿತೋ, ಅದು ಟಕ್ಕೆಂದು ಮೋಟಾರಿನ ಕರೆಂಟು ಕಡಿಯಬೇಕು. ಟಕ್, ಟಕ್ ಎಂದು ಪರೀಕ್ಷೆ ಮಾಡಿದ್ದೇ ಮಾಡಿದ್ದು. ಅವರ ಹೆಂಡತಿ ಶೀಲಾವತಿ, "ಸಾಕು ಮಾಡಿ ಮಾರಾಯ್ರೆ, ಬ್ಯಾಟರಿ ಸಾಯ್ತದೆ" ಎಂದು ಗದರಿದರೂ ಬಿಡಲಿಲ್ಲ.

ಆಯುಧಪೂಜೆಯ ದಿನ ಗಾಡಿ ತೆಗೆದುಕೊಳ್ಳಲು ಹೋದೆ. ಗ್ಯಾರೇಜಿನ ಇಕ್ಕಳ, ಟೆಸ್ಟರು, ಸ್ಕ್ರೂಡ್ರೈವರಿಗೆಲ್ಲ ಗಂಧದ ಬೊಟ್ಟು. ಹೊಸ ಕೆಲಸವನ್ನು ಬಿಡುತ್ತಾರೆಯೇ? ಕಾಂತಣ್ಣ ಹಸಿ ಗಂಧವನ್ನು ಹೆಬ್ಬೆರಳಲ್ಲಿ ತೆಗೆದು ಹ್ಯಾಂಡಲಿನ ರಿವರ್ಸ್ ಬಟನ್ ಮೇಲೆಯೇ ಭಕ್ತಿಯಿಂದ ಒತ್ತಿದರು. ನಾನು ಹತ್ತಿ ಕೂತೆ. ಶೀಲಕ್ಕ ಚಕ್ರಗಳಡಿ ನಿಂಬೆಹಣ್ಣು ಇಡುತ್ತಾ ಗಾಡಿಯ ಹಿಂದೆ ಬಗ್ಗಿದ್ದರು. ಕೀ ತಿರುಗಿಸಿದೆ ಅಷ್ಟೆ, ಗಾಡಿ ತಾನಾಗಿ ಹಿಂದಕ್ಕೆ ಸರಿಯತೊಡಗಿತು.

ಗಂಧ ಮೆತ್ತಿ ಬಟನ್ ಒಳಗೇ ಕಚ್ಚಿಕೊಂಡಿತ್ತು. ಎರಡೂ ಬ್ರೇಕ್ ಬಿಗಿಯಾಗಿ ಹಿಡಿದೆ. ಮೋಟಾರು ಗುರ್ರೆನ್ನುತ್ತ ಎಳೆಯುತ್ತಲೇ ಇತ್ತು. ಕೀ ತಿರುಗಿಸಲು ಕೈ ಬಿಟ್ಟರೆ ಹಿಂದೆ ಶೀಲಕ್ಕ.

"ಸ್ಟಾರ್ಟ್ ಕೊಡಿ ಅಕ್ಕ! ಎಂಜಿನ್ ಸ್ಟಾರ್ಟ್ ಮಾಡಿ!" ಕಾಂತಣ್ಣ ನನ್ನತ್ತ ಚೀರಿದರು.

ಹೆಂಡತಿಯನ್ನು ನನ್ನ ಕೈಯಲ್ಲಿ ಕೊಲ್ಲಿಸುತ್ತಾರೋ ಎನಿಸಿತು. ಆದರೂ ಬ್ರೇಕ್ ಬಿಡದೆಯೇ ಹೆಬ್ಬೆರಳು ಸ್ಟಾರ್ಟ್ ಒತ್ತಿತು. ಟಕ್. ಎಂಜಿನ್ ಶುರುವಾಯಿತು, ರಿಲೇ ಕರೆಂಟು ಕಡಿದು ಮೋಟಾರು ನಿಂತಿತು.

ನಾನು ಕೀ ಆಫ್ ಮಾಡಿದೆ. ಶೀಲಕ್ಕ ಎದ್ದು ಸೀರೆ ಕೊಡವಿಕೊಂಡು, "ಬೊಟ್ಟಿಡ್ಲಿಕ್ಕೆ ಬೇರೆ ಜಾಗ ಸಿಗ್ಲಿಲ್ವಾ ನಿಮ್ಗೆ?" ಎಂದರು. ಕಾಂತಣ್ಣ ಆಗಲೇ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಿದ್ದರು. "ಇದು ಬೇಡ ಅಕ್ಕ. ಈಗ್ಲೇ ಬಿಚ್ಚಿ ತೆಗೀತೇನೆ. ನಂಗೆ ಇನ್ನು ನಿದ್ರೆ ಬರ್ಲಿಕ್ಕಿಲ್ಲ."

ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. "ಬಿಚ್ಚಿದ್ರೆ ನಾಳೆಯಿಂದ ದಿನಾ ಸಾಂತಾಕ್ರೂಜಿಗೆ ಬಂದು ನೀವೇ ಎಳೀಬೇಕು" ಎಂದೆ.

ಅವರು ಬಟನ್ ಮಾತ್ರ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕೂರಿಸಿದರು. ಟಕ್, ಟಕ್ ಎಂದು ನೋಡಿದರು. ಅಭ್ಯಾಸಬಲದಿಂದ ಎಳೆಯಲು ಗಾಡಿಯ ಹಿಂಬದಿಗೆ ಕೈ ಹಾಕಿದರು.

"ಮುಟ್ಬೇಡಿ ಕಾಂತಣ್ಣ."

ಹಿಂದೆ ತಿರುಗಿ ನೋಡಿ ಬಟನ್ ಒತ್ತಿದೆ. ಯಾರನ್ನೂ ಕೇಳದೆ, ಗಲ್ಲಿಯುದ್ದಕ್ಕೂ ಹಿಂದೆ ಹಿಂದೆ ಬಂದೆ. ಕಾಂತಣ್ಣ ಎರಡೂ ಕೈ ಚಾಚಿಕೊಂಡು, ಗಾಡಿಯನ್ನು ಮುಟ್ಟದೆ, ರಸ್ತೆಯವರೆಗೂ ನನ್ನ ಪಕ್ಕದಲ್ಲೇ ನಡೆದು ಬಂದರು.