ದೊಡ್ಡವರ ಜೊತೆ ಕಮರ್ಷಿಯಲ್ ಸ್ಟ್ರೀಟಿಗೆ

ಎಂಟನೇ ಕ್ಲಾಸಿನಲ್ಲಿದ್ದಾಗ ನನ್ನ ಕ್ಲಾಸಿನವರನ್ನು ನಾನು ‘ಮಕ್ಕಳು’ ಎಂದು ಕರೆಯುತ್ತಿದ್ದೆ. “ಈ ಮಕ್ಕಳ ಗಲಾಟೇಲಿ ತಲೆನೋವು ಬರುತ್ತೆ” ಎಂದು ಅಮ್ಮನಿಗೆ ಹೇಳಿ, ಸಕ್ಕರೆ ಹಾಕದ ಕಾಫಿ ಹಿಡಿದು ಹಲಸೂರಿನ ನಮ್ಮ ಮನೆಯ ಮಹಡಿ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಕುಡಿಯುತ್ತಿದ್ದೆ.

ನನ್ನ ಬೆಂಚಿನ ಹುಡುಗಿಯರಿಗೆ ನಗಲು ಯಾರಾದರೂ ಬಿಕ್ಕಳಿಸಿದರೂ ಸಾಕು. ಸಮಾಜ ವಿಜ್ಞಾನದ ಮಿಸ್ ಒಮ್ಮೆ ಪಾಠದ ನಡುವೆ ಸೀನಿದ್ದಕ್ಕೆ ಪೀರಿಯಡ್ಡು ಮುಗಿಯುವವರೆಗೂ ನಕ್ಕರು. ನಾನು ಅವರ ಕಡೆ ತಿರುಗಿ, “ಎಲ್ಲದಕ್ಕೂ ಒಂದು ಲಿಮಿಟ್ ಇರುತ್ತೆ” ಎಂದೆ. ಅದಕ್ಕೂ ನಕ್ಕರು. ಪಕ್ಕದಲ್ಲಿ ಕೂರುತ್ತಿದ್ದ, ಸದಾ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ ಹುಡುಗಿ ನನಗೆ ‘ಅಜ್ಜಿ’ ಎಂದು ಹೆಸರಿಟ್ಟಳು. ನನಗೆ ಒಳಗೊಳಗೇ ಹೆಮ್ಮೆಯೇ ಆಯಿತು.

ಹಾಗಾಗಿ ನಮ್ಮ ಕೆಳಗಿನ ಮನೆಯ ಆಂಟಿ ಒಂದು ಶನಿವಾರ ಮೇಲೆ ಬಂದು, “ಮಗಳ ನಿಕಾಹ್ ಬಟ್ಟೆಗೆ ಲೇಸು ತರೋದಿದೆ, ನಿಮ್ಮ ಹುಡುಗೀನ ಕಳಿಸ್ತೀರಾ? ಅವಳಿಗೆ ದೊಡ್ಡವರ ಥರ ಬುದ್ಧಿ ಇದೆ” ಎಂದು ಅಮ್ಮನನ್ನು ಕೇಳಿದಾಗ ನನಗೆ ಕೊಂಚವೂ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಕೇಳಿದರಲ್ಲ ಎನಿಸಿತು. ಅಮ್ಮನ ಕಾಟನ್ ದುಪಟ್ಟಾ ಹೊದ್ದು, ಮೋಡವಿಲ್ಲದಿದ್ದರೂ ಛತ್ರಿ ಹಿಡಿದು ಹೊರಟೆ.

ಫ್ರೇಜರ್ ಟೌನಿನಿಂದ ಆಂಟಿಯ ತಂಗಿಯೂ ಬಂದಿದ್ದರು. ಇಬ್ಬರಿಗೂ ಐವತ್ತು ದಾಟಿತ್ತು. ಆಟೋದಲ್ಲಿ ನಾನು ನಡುವೆ ಕೂತು, ಈಗಿನ ಮದುವೆಗಳ ಆಡಂಬರದ ಬಗ್ಗೆ ಒಂದೆರಡು ಮಾತು ಹೇಳಿದೆ. ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ಕೊನೆಗೂ ನನ್ನ ಮಟ್ಟದ ಜನ ಸಿಕ್ಕರು ಎಂದುಕೊಂಡೆ.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಾಲ್ಕಾರು ಅಂಗಡಿ ತಿರುಗಿದರೂ ಬೇಕಾದ ಜರಿ ಲೇಸು ಸಿಗಲಿಲ್ಲ. ಪಕ್ಕದ ಗಲ್ಲಿಯ ಅಂಗಡಿಯೊಂದರ ಮುಂದೆ ಅಂಥದ್ದೇ ಲೇಸು ನೇತುಹಾಕಿದ್ದರು. ಒಳಗೆ ಕಾಲಿಡಬೇಕೆನ್ನುವಾಗ ಆಂಟಿ ಗಕ್ಕನೆ ನಿಂತರು. ಗಲ್ಲಾದ ಮೇಲೆ ಬಿಳಿ ಗಡ್ಡದ ಹಿರಿಯರೊಬ್ಬರು ಕೂತಿದ್ದರು. ಆಂಟಿ ತಂಗಿಯ ತೋಳು ಹಿಡಿದೆಳೆದು, ಬಾಗಿಲ ಬಳಿ ಲೆಹೆಂಗಾ ಉಡಿಸಿ ನಿಲ್ಲಿಸಿದ್ದ ಗೊಂಬೆಯ ಹಿಂದೆ ಸರಿದುಬಿಟ್ಟರು. ಆಮೇಲೆ ಶುರುವಾಯಿತು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ಗಡಗಡ ನಡುಗುತ್ತಾ ನಗುತ್ತಿದ್ದರು.

“ಏನಾಯ್ತು ಆಂಟಿ?”

ಆಂಟಿ ನಗುತ್ತಲೇ ತಂಗಿಯ ಕಡೆ ಕೈ ಮಾಡಿದರು. ತಂಗಿ ಹೇಳಿದರು: “ಆಪಾನ, ಅಂದ್ರೆ ನಮ್ಮಕ್ಕನ್ನ, ಹೆಣ್ಣು ನೋಡೋಕೆ ಮೊದಲು ಬಂದಿದ್ದು ಇವ್ರೇ ಬೇಟಾ. ಇವಳಿಗೆ ಆಗ ಮದುವೆ ಬೇಡ. ಶರಬತ್ತಿಗೆ ಸಕ್ಕರೆ ಬದಲು ಉಪ್ಪು ಹಾಕಿ ಕೊಟ್ಲು. ಪಾಪ, ಲೋಟ ಪೂರ್ತಿ ಕುಡಿದ್ರು. ಒಂದ್ ಮಾತು ಆಡ್ಲಿಲ್ಲ.”

“ಆಮೇಲೆ?”

“ಆಮೇಲೇನು, ನಮ್ಮ ಅಬ್ಬಾಗೆ ಯಾಕೋ ಆ ಸಂಬಂಧ ಸರಿ ಬರ್ಲಿಲ್ಲ. ಅಷ್ಟೇ.”

ಆಂಟಿ ಕಣ್ಣೊರೆಸಿಕೊಂಡು, “ನೀನು ಹೋಗಿ ಕೇಳಮ್ಮ, ನಿಂಗೆ ಬುದ್ಧಿ ಇದೆ” ಎಂದು ಕೈಗೆ ದುಡ್ಡಿಟ್ಟು ನನ್ನನ್ನು ಒಳಗೆ ತಳ್ಳಿದರು.

ನಾನು ಛತ್ರಿ ಊರಿಕೊಂಡು ಗಲ್ಲಾದ ಮುಂದೆ ನಿಂತು, ಆದಷ್ಟು ದಪ್ಪ ದನಿಯಲ್ಲಿ ಲೇಸು ತೋರಿಸಲು ಹೇಳಿದೆ. ಹಿರಿಯರು ತಾವೇ ಎದ್ದು ಸುರುಳಿ ಬಿಚ್ಚಿದರು. ಅಷ್ಟರಲ್ಲಿ ಹಿಂದಿನಿಂದ ಪುಸಕ್ಕೆಂದು ಒಂದು ಸದ್ದು ಬಂತು. ತಿರುಗಿ ನೋಡಿದರೆ ಗೊಂಬೆ ಅಲುಗಾಡುತ್ತಿತ್ತು. ಅದರ ಲೆಹೆಂಗಾದ ಕೆಳಗೆ ನಾಲ್ಕು ಚಪ್ಪಲಿ ಕಾಲುಗಳು ಕಾಣುತ್ತಿದ್ದವು. ಹಿರಿಯರೂ ಕನ್ನಡಕ ಏರಿಸಿ ಅತ್ತ ನೋಡಿದರು. ತುಂಬ ಹೊತ್ತು ನೋಡಿದರು. ಗಡ್ಡದೊಳಗೆ ತುಟಿ ಮೆಲ್ಲಗೆ ಅಗಲವಾಯಿತು.

“ಯಾರಿಗಮ್ಮ ಇದು?”

“ಆಂಟಿ ಮಗಳ ಮದುವೆಗೆ.”

“ಒಳ್ಳೇದಾಗ್ಲಿ” ಎಂದು ಲೇಸನ್ನು ಧಾರಾಳವಾಗಿ ಅಳೆದು, ಕತ್ತರಿಸಿ, ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು. ನಾನು ದುಡ್ಡು ಕೊಟ್ಟು ಹೊರಡುವಾಗ, “ಗೊಂಬೆ ಹಿಂದೆ ಇರೋರಿಗೆ ಹೇಳಮ್ಮ, ಅವತ್ತಿನ ಶರಬತ್ತು ಚೆನ್ನಾಗಿತ್ತು ಅಂತ” ಎಂದರು.

ಅಷ್ಟೇ ಸಾಕಾಯಿತು. ಹೊಟ್ಟೆಯ ತಳದಿಂದ ನಗು ಉಕ್ಕಿ ಮೂಗಿನಿಂದ ಹೊರಬಂತು. ದುಪಟ್ಟಾ ಒಂದು ಕಡೆ, ಛತ್ರಿ ಒಂದು ಕಡೆ. ನಾನು ಓಡಿ ಹೊರಬಂದೆ. ನನ್ನ ಹಿಂದೆ ಗೊಂಬೆಯನ್ನು ಹೆಚ್ಚುಕಡಿಮೆ ಬೀಳಿಸಿಯೇ ಇಬ್ಬರು ಆಂಟಿಯರೂ ಓಡಿಬಂದರು. ಗಲ್ಲಿಯ ಕೊನೆಯವರೆಗೂ ನಿಲ್ಲಲಿಲ್ಲ. ಅಲ್ಲಿ ಗೋಡೆಗೊರಗಿ, ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ನಕ್ಕೆವು. ಹಿರಿಯರ ಮಾತನ್ನು ಹೇಳಿದಾಗ ಆಂಟಿ ಫುಟ್‌ಪಾತಿನ ಮೇಲೇ ಕೂತುಬಿಟ್ಟರು. ಅಲ್ಲೇ ನಿಂತಿದ್ದ ಆಟೋದವನು, “ಏನ್ ಮೇಡಂ, ಎಲ್ರೂ ಪಾಸಾ?” ಎಂದು ಕೇಳಿದ. ಮೂವರೂ ನಗುತ್ತಲೇ ಅವನ ಆಟೋದೊಳಗೆ ತೂರಿಕೊಂಡೆವು.

ಸೋಮವಾರ ಇದನ್ನು ಹೇಳದೆ ಇರಲಾಗಲಿಲ್ಲ. ಪಾಠ ನಡೆಯುತ್ತಿದ್ದಾಗಲೇ ನನ್ನ ಪಕ್ಕದವಳ ಕಿವಿಯಲ್ಲಿ ಎಲ್ಲವನ್ನೂ ಪಿಸುಗುಟ್ಟಿದೆ. ನಗುತ್ತಾಳೆಂದು ಕಾದೆ. ಅವಳು ನಗಲಿಲ್ಲ. ಬಾಯಿಂದ ಪೆನ್ನಿನ ಮುಚ್ಚಳ ತೆಗೆದು ನನ್ನನ್ನೇ ನೋಡಿದಳು.

“ಅವ್ರು ಚೆನ್ನಾಗಿತ್ತು ಅಂದಿದ್ದು ಶರಬತ್ತನ್ನಲ್ಲ ಕಣೇ.”

“ಮತ್ತೆ?”

“ಅಯ್ಯೋ ಅಜ್ಜಿ, ನಿಂಗೆ ಏನೂ ಗೊತ್ತಾಗಲ್ವಲ್ಲ.”

ನಾನು ಬಾಯಿ ಬಿಟ್ಟುಕೊಂಡು ಕೂತೆ. ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ. ಚೆನ್ನಾಗಿದ್ದದ್ದು ಶರಬತ್ತಲ್ಲ, ಅದನ್ನು ಕೊಟ್ಟವಳು. ಆಗ ಅವಳು ನನ್ನ ಮುಖ ನೋಡಿ ಕಿಸಕ್ಕೆಂದಳು, ನಾನೂ ಕಿಸಕ್ಕೆಂದೆ, ಏನೂ ತಿಳಿಯದ ಹಿಂದಿನ ಬೆಂಚಿನವರೂ ಸೇರಿಕೊಂಡರು. ಮಿಸ್ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಜೀವಮಾನದಲ್ಲಿ ಮೊದಲ ಸಲ ಕ್ಲಾಸಿನ ಹೊರಗೆ ನಿಂತಿದ್ದೆ. ಕಾರಿಡಾರಿನಲ್ಲಿ ಒಳ್ಳೆಯ ಗಾಳಿ ಬರುತ್ತಿತ್ತು. “ಮೊದಲಿಂದ ಹೇಳೇ” ಎಂದು ಎಲ್ಲರೂ ನನ್ನನ್ನು ಸುತ್ತುವರಿದರು.