ಅತ್ತೆಯ ಎಣ್ಣೆನೀರು

2022ರಲ್ಲಿ ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಮೈಸೂರಿನಿಂದ ಬಂದವರು ನನ್ನ ಅತ್ತೆ. ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಅಮೆರಿಕದ ರಾಂಚೊ ಬರ್ನಾರ್ಡೊದಲ್ಲಿದ್ದ ನಮ್ಮ ಮನೆಯ ಬಾತ್‌ಟಬ್ಬಿನಲ್ಲಿ ಮಣೆ ಹಾಕಿಕೊಂಡು ಕೂತು, ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ ಅವರು ಎಣ್ಣೆ ತಿಕ್ಕುತ್ತಿದ್ದರು. ಕೊನೆಗೆ ಮಗುವಿನ ಎಡಗೈಗೆ ಬಲಗಾಲು ಮುಟ್ಟಿಸಿ ಎಳೆಯುವುದು ಅವರ ಪದ್ಧತಿ. ಮನೆಯ ಏಳು ಕೂಸುಗಳಿಗೆ ಹೀಗೇ ನೀರು ಹಾಕಿದ ಕೈ ಅದು.

ಐದನೆಯ ವಾರ, ಹಾಗೆ ಎಳೆದಾಗ ಮಗು ಕಿಟಾರನೆ ಕಿರುಚಿತು. ಎಕ್ಸ್‌ರೇ ತೆಗೆದರೆ ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯವರು ನಮ್ಮನ್ನು ಬೇರೆಬೇರೆಯಾಗಿ ಕೂರಿಸಿ, ಮಗುವಿಗೆ ಯಾರು ಏನು ಮಾಡಿದಿರಿ ಎಂದು ಕೇಳಿದರು. ಅತ್ತೆ ಏನನ್ನೂ ಮುಚ್ಚಿಡಲಿಲ್ಲ. ಒಂದು ಟವೆಲನ್ನು ಸುತ್ತಿ ಕಾಲ ಮೇಲಿಟ್ಟುಕೊಂಡು, ಮಾಡಿದ್ದನ್ನೆಲ್ಲ ಮಾಡಿ ತೋರಿಸಿದರಂತೆ.

ಕಾರಿನಲ್ಲಿ ನಾನು ಸುಮ್ಮನಿರಬೇಕಿತ್ತು. ಎಲುಬಿಲ್ಲದ ನಾಲಿಗೆ ನೋಡಿ, “ಇನ್ಮೇಲೆ ನನ್ನ ಮಗೂನ ನೀವು ಮುಟ್ಬೇಡಿ” ಎಂದುಬಿಟ್ಟೆ. ಅತ್ತೆ ಮನೆಗೆ ಬಂದವರೇ ಎಣ್ಣೆ ಬಟ್ಟಲನ್ನು ಸೂಟ್‌ಕೇಸಿನೊಳಗೆ ಇಟ್ಟರು. ಮುಂದಿನ ಮೂರು ವಾರ ನನಗೆ ಮೆಣಸಿನ ಸಾರು ಮಾಡಿ ಬಡಿಸಿದರು, ಮಗುವನ್ನು ಬಾಗಿಲಲ್ಲೇ ನಿಂತು ನೋಡಿದರು. ಅದು ಕೂಡ ನನಗೆ ನಾಟಕವೆಂದೇ ಕಂಡಿತು. ಅಷ್ಟು ಕೆಟ್ಟವಳಾಗಿದ್ದೆ.

ಮೂಳೆ ಅಷ್ಟು ಸುಲಭವಾಗಿ ಮುರಿದದ್ದೇಕೆಂದು ತಿಳಿಯಲು ಆಸ್ಪತ್ರೆಯವರು ಮಗುವಿಗೆ ಮಾಡಿಸಿದ್ದ ಜೀನ್ ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರು ಮಗುವನ್ನು ಬಿಟ್ಟು ನನ್ನ ಕಣ್ಣುಗಳನ್ನು ನೋಡಿದರು. ಬಿಳಿಭಾಗದಲ್ಲಿ ತೆಳು ನೀಲಿ ಇದೆ, ಅದು ಹುಟ್ಟಿನಿಂದಲೇ ಮೂಳೆ ಗಟ್ಟಿಯಿಲ್ಲದವರ ಗುರುತು ಎಂದರು. ಚಿಕ್ಕಂದಿನಲ್ಲಿ ಮೂಳೆ ಮುರಿದಿತ್ತೇ ಎಂದು ಕೇಳಿದರು. ಮೂರು ಸಲ ಮುರಿದಿತ್ತು. ಮನೆಯಲ್ಲಿ ನನ್ನನ್ನು ಗಾಜಿನ ಬಳೆ ಎಂದೇ ಆಡಿಕೊಳ್ಳುತ್ತಿದ್ದರು. ಕೈಕಾಲಿನ ಮೂಳೆಯಿಂದ ಬೆನ್ನೆಲುಬಿನವರೆಗೆ ಎಲ್ಲವನ್ನೂ ದುರ್ಬಲವಾಗಿಸುವ ಈ ತೊಂದರೆ ಮಗಳಿಗೆ ಬಂದದ್ದು ನನ್ನಿಂದ. ನನ್ನಲ್ಲಿ ಸ್ವಲ್ಪ, ಅವಳಲ್ಲಿ ಹೆಚ್ಚು, ಅಷ್ಟೇ.

ಮನೆಗೆ ಬಂದು ಎಲ್ಲ ಹೇಳಿ ಅತ್ತೆಯ ಕಾಲು ಹಿಡಿದೆ. ಕ್ಷಮಿಸಿದೆ ಎಂದೂ ಅವರು ಅನ್ನಲಿಲ್ಲ, ನೋಡಿದೆಯಾ ಎಂದೂ ಅನ್ನಲಿಲ್ಲ.

“ಹೇಗೆ ಎತ್ಬೇಕಂತೆ, ತೋರ್ಸು” ಎಂದರು.

ಕಾಲು ಹಿಡಿದು ಎತ್ತಬಾರದು, ಕಂಕುಳಿಗೆ ಕೈ ಹಾಕಬಾರದು. ಬೆರಳುಗಳನ್ನು ಅಗಲಿಸಿ ಒಂದು ಅಂಗೈ ತಲೆಯ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ. ಅರವತ್ತೆಂಟರ ಆ ಹೆಂಗಸು ತಮಗೆ ಕರಗತವಾಗಿದ್ದ ವಿದ್ಯೆಯನ್ನು ಬದಿಗಿಟ್ಟು, ದಿಂಬಿನ ಕವರಿಗೆ ಅಕ್ಕಿ ತುಂಬಿ ಎತ್ತಿ ಇಳಿಸಿ ಕಲಿತರು. ಅದನ್ನು ನೋಡುತ್ತಾ ನನಗೆ ಅವರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಮಗುವಿನ ಕಾಲು ಕೂಡಿಕೊಂಡ ಮೇಲೆ ದೀಪಾವಳಿ ಬಂತು. ಎಣ್ಣೆ ಬಟ್ಟಲು ಸೂಟ್‌ಕೇಸಿನಿಂದ ಹೊರಬಿತ್ತು. ಅತ್ತೆ ಮಗುವಿಗೆ ಬೆರಳ ತುದಿಯಿಂದ ಎಣ್ಣೆ ಸವರಿದರು, ತಿಕ್ಕಲಿಲ್ಲ, ಎಳೆಯಲಿಲ್ಲ. ನೀರು ಹಾಕಿಸಿಕೊಂಡ ಮಗುವನ್ನು ಮಲಗಿಸಿ ಬಂದರೆ ಅವರಿನ್ನೂ ಅಲ್ಲೇ ಕೂತಿದ್ದರು. ಬಟ್ಟಲಲ್ಲಿ ಎಣ್ಣೆ ಉಳಿದಿತ್ತು.

“ನೀನೂ ಬಾ, ಕೂತ್ಕೊ” ಎಂದರು. “ನಿಂದೂ ಅದೇ ಮೂಳೆ ತಾನೆ. ಮೆಲ್ಲಗೆ ಹಚ್ತೀನಿ.”